ಕಂಪನಿ ಬೇರೆ, ಔಷಧಿ ಅದೇ

ಜೂನ್ 3, ಸೋಮವಾರ

ಈ ಡೈರಿಯನ್ನು ಒಂದು ಔಷಧ ಕಂಪನಿಯವರು ಜನವರಿಯಲ್ಲೇ ಕೊಟ್ಟು ಹೋಗಿದ್ದರು. ಪ್ರತಿ ಪುಟದ ಕೆಳಗೂ ಹೊಟ್ಟೆಯುರಿಯ ಮಾತ್ರೆಯೊಂದರ ಗುಣಗಾನ ಅಚ್ಚಾಗಿದೆ. ಇಷ್ಟು ದಿನ ಇದನ್ನು ಮುಟ್ಟುವ ಪ್ರಮೇಯ ಬಂದಿರಲಿಲ್ಲ. ಅಂಗಡಿಯಿಂದ ಬಂದ ಮೇಲೆ ನಡೆದದ್ದನ್ನೆಲ್ಲ ಹೆಂಡತಿಗೆ ಹೇಳುತ್ತಿದ್ದೆ, ಅವಳು ತರಕಾರಿ ಹೆಚ್ಚುತ್ತ ಹೂಂಗುಟ್ಟುತ್ತಿದ್ದಳು. ನಿನ್ನೆ ಅವಳು ಆಫೀಸಿನ ತರಬೇತಿಗೆಂದು ಬೇರೆ ಊರಿಗೆ ಹೋದಳು. ಆರು ವಾರ. ಮನೆಯಲ್ಲಿ ಈಗ ನಾನು ಮತ್ತು ನನ್ನ ಅತ್ತೆ, ಅಂದರೆ ಅವಳ ತಾಯಿ.

ಅತ್ತೆ ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಜೊತೆ ಇರಲು ಬಂದು ಐದು ವರ್ಷವಾಯಿತು. ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ಸುದ್ದಿಗಳಲ್ಲಿ ಎಲ್ಲೆಲ್ಲಿ ಲೆಕ್ಕ ತಪ್ಪಿದೆಯೋ ಅಲ್ಲೆಲ್ಲ ಸುತ್ತು ಹಾಕುತ್ತಾರೆ. ಪತ್ರಿಕೆ ಮುಗಿದ ಮೇಲೆ ನನ್ನ ಸರದಿ. ಮದುವೆಯಾದ ಈ ಹದಿನೆಂಟು ವರ್ಷದಲ್ಲಿ ನಾನು ಹೇಳಿದ ಒಂದೇ ಒಂದು ಮಾತನ್ನೂ ಅವರು ಹಾಗೆಯೇ ಒಪ್ಪಿಕೊಂಡದ್ದಿಲ್ಲ. ಹೊರಗೆ ಬಿಸಿಲಿದೆ ಎಂದರೆ ಕಿಟಕಿಯ ತನಕ ಹೋಗಿ ನೋಡಿ ಬರುತ್ತಾರೆ.

ಇವತ್ತು ಊಟಕ್ಕೆ ಕುಳಿತಾಗ, "ಅಳಿಯಂದ್ರೇ, ಇದಕ್ಕೆ ಉಪ್ಪು ಹಾಕಿದ್ದೀರಾ, ಇಲ್ಲ ಡಬ್ಬಿ ತೋರಿಸಿ ವಾಪಸ್ ಇಟ್ಟಿದ್ದೀರಾ?" ಎಂದರು.

"ನಿಮಗೆ ಬಿಪಿ ಇದೆ ಅತ್ತೆ."

"ಬಿಪಿ ಇರೋದು ನನಗೆ. ಬೀನ್ಸಿಗೆ ಏನಾಗಿದೆ?"

ಆರು ವಾರ ಎಂದರೆ ನಲವತ್ತೆರಡು ದಿನ. ಒಂದು ಮುಗಿಯಿತು.

ಜೂನ್ 5, ಬುಧವಾರ

ಈ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿ ನನಗೆ ಇಪ್ಪತ್ತೆರಡು ವರ್ಷ. ಮುಖ ನೋಡುವ ಅಭ್ಯಾಸ ನನಗಿಲ್ಲ, ಚೀಟಿ ನೋಡುತ್ತೇನೆ. ಚೀಟಿ ಕೌಂಟರಿನ ಮೇಲೆ ಬೀಳುತ್ತದೆ, ಓದುತ್ತೇನೆ, ತಿರುಗಿ ಕೈ ಚಾಚುತ್ತೇನೆ, ಮಾತ್ರೆ ಕೈಗೆ ಬರುತ್ತದೆ. ಯಾವುದು ಎಲ್ಲಿದೆ ಎನ್ನುವುದು ನನ್ನ ತಲೆಗಿಂತ ಕೈಗೆ ಚೆನ್ನಾಗಿ ಗೊತ್ತು. ಗಿರಾಕಿಗಳಲ್ಲಿ ನನಗೆ ಪರಿಚಯ ಇರುವವರೆಂದರೆ ಥೈರಾಯ್ಡ್ ಐವತ್ತು, ಶುಗರ್ ಎರಡು ಹೊತ್ತು, ಮಂಡಿನೋವು ಪ್ಲಸ್ ಗ್ಯಾಸು. ಬೀದಿಯಲ್ಲಿ ಎದುರಾದರೆ ಇವರಲ್ಲಿ ಒಬ್ಬರದೂ ಗುರುತು ಸಿಗುವುದಿಲ್ಲ. ಅವರು ನಕ್ಕರೆ ನಾನೂ ನಗುತ್ತೇನೆ.

ನಮ್ಮಲ್ಲಿ ತಪ್ಪಿನ ಪುಸ್ತಕ ಎಂದು ಒಂದಿದೆ. ಯಜಮಾನರ ತಂದೆಯ ಕಾಲದ್ದು. ಯಾರಾದರೂ ತಪ್ಪು ಔಷಧಿ ಕೊಟ್ಟರೆ ತಾರೀಖು ಹಾಕಿ, ಏನಾಯಿತು, ಯಾಕಾಯಿತು ಎಂದು ಬರೆದು ಸಹಿ ಮಾಡಬೇಕು. ನನಗಿಂತ ಮುಂಚೆ ಇದ್ದವರದು ಹನ್ನೊಂದು ಪುಟ ಇದೆ. ನನ್ನದು ಒಂದು ಸಾಲೂ ಇಲ್ಲ. ಬರೆಯುವವರೇ ಇಲ್ಲದ ಮೇಲೆ ಸುಮ್ಮನೆ ಯಾಕಿರಬೇಕು ಎಂದು ಅದನ್ನು ಬಿಲ್ಲಿನ ಪ್ರಿಂಟರ್ ಅಲ್ಲಾಡದಂತೆ ಅದರ ಕೆಳಗೆ ಕೊಟ್ಟಿದ್ದೇವೆ. ಒಳ್ಳೆಯ ಗಟ್ಟಿ ಪುಸ್ತಕ.

ಇವತ್ತು ಹೊಸ ಸರಕು ಬಂತು. ಒಂದು ಕಂಪನಿಯವರು ತಮ್ಮ ಪೆಟ್ಟಿಗೆ, ಸ್ಟ್ರಿಪ್ಪುಗಳ ವೇಷ ಬದಲಿಸಿದ್ದಾರೆ. ಎಲ್ಲಕ್ಕೂ ಒಂದೇ ನೀಲಿ, ಒಂದೇ ಬಿಳಿ ಪಟ್ಟಿ. ಅವರ ಬಿಪಿ ಮಾತ್ರೆಯ ಪೆಟ್ಟಿಗೆ ಮತ್ತು ನರನೋವಿನ ಮಾತ್ರೆಯ ಪೆಟ್ಟಿಗೆ ಅಕ್ಕಪಕ್ಕ ಇಟ್ಟರೆ ಅವಳಿಜವಳಿ. ಅಕ್ಕಪಕ್ಕವೇ ಇಟ್ಟೆ. ಜಾಗ ಇದ್ದದ್ದು ಅಲ್ಲೇ.

"ಈ ಸಲ ಬಣ್ಣ ಬೇರೆ ಇದೆಯಲ್ಲ" ಎಂದು ಇವತ್ತು ಹದಿನಾಲ್ಕು ಜನ ಕೇಳಿದರು. ಹದಿನಾಲ್ಕು ಜನಕ್ಕೂ "ಕಂಪನಿ ಬೇರೆ, ಔಷಧಿ ಅದೇ" ಎಂದೆ. ಈ ಮಾತನ್ನು ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿಟ್ಟುಕೊಂಡರೆ ಗಂಟಲು ಉಳಿಯುತ್ತದೆ.

ಶಟರ್ ಅರ್ಧ ಎಳೆದ ಮೇಲೆ ಅತ್ತೆಯ ಬಿಪಿ ಮಾತ್ರೆ ಮುಗಿದದ್ದು ನೆನಪಾಯಿತು. ಒಳಗೆ ಹೋಗಿ ಎರಡು ಸ್ಟ್ರಿಪ್ ಜೇಬಿಗೆ ಹಾಕಿಕೊಂಡು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬರೆದೆ. ಅಂಗಡಿಯವರು ಮನೆಗೆ ಒಯ್ದದ್ದೆಲ್ಲ ಆ ಹಾಳೆಯಲ್ಲಿ ಇರುತ್ತದೆ. ಸರಕಿನ ಲೆಕ್ಕದಲ್ಲಿ ಅದನ್ನು ಕಳೆಯುತ್ತೇವೆ, ಗಿರಾಕಿಗಳ ಬಿಲ್ಲಿನ ಜೊತೆ ಬೆರೆಸುವುದಿಲ್ಲ.

ಜೂನ್ 6, ಗುರುವಾರ

ಬೆಳಿಗ್ಗೆ ಅತ್ತೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು. "ಇದು ಹಳದಿ ಇದೆಯಲ್ಲ. ನಾನು ತಗೊಳ್ತಿದ್ದದ್ದು ಬಿಳಿ. ಹೆಸರೂ ಬೇರೆ ಇದೆ."

ನಾನು ಬಗ್ಗಿ ಷೂ ಹಾಕಿಕೊಳ್ಳುತ್ತಿದ್ದೆ. "ಕಂಪನಿ ಬೇರೆ, ಔಷಧಿ ಅದೇ" ಎಂದೆ.

ಇನ್ನು ಹತ್ತು ನಿಮಿಷ ವಾದ, ಅಂಗಡಿಗೆ ತಡ ಎಂದುಕೊಂಡೆ. ಅವರು "ಹೌದಾ" ಎಂದು ಮಾತ್ರೆ ನುಂಗಿ ನೀರು ಕುಡಿದುಬಿಟ್ಟರು. ಹದಿನೆಂಟು ವರ್ಷದಲ್ಲಿ ಮೊದಲನೇ ಸಲ. ತಾರೀಖು ಹಾಕಿ ಬರೆದಿಡುವಂಥ ಸಂಗತಿ, ಅದಕ್ಕೇ ಬರೆದಿದ್ದೇನೆ.

ಜೂನ್ 9, ಭಾನುವಾರ

ಮನೆ ಶಾಂತವಾಗಿದೆ. ಮಧ್ಯಾಹ್ನ ಅತ್ತೆ ಕುರ್ಚಿಯಲ್ಲೇ ನಿದ್ದೆ ಹೋದರು. ಹಗಲು ಮಲಗುವವರನ್ನು ಕಂಡರೆ ಆಗದವರು. ಎಪ್ಪತ್ತನಾಲ್ಕು ವರ್ಷವಾಯಿತಲ್ಲ, ಈಗಲಾದರೂ ಬುದ್ಧಿ ಬಂತು.

ಹೆಂಡತಿ ಫೋನ್ ಮಾಡಿದ್ದಳು. "ಅಮ್ಮ ಹೇಗಿದ್ದಾರೆ? ಎಷ್ಟು ಜಗಳ ಆಯ್ತು?"

"ಒಂದೂ ಇಲ್ಲ."

"ಒಂದೂ ಇಲ್ವಾ? ಹುಷಾರಾಗಿದ್ದಾರೆ ತಾನೇ?"

"ನೀನಿಲ್ಲ ಅಂತ ಹೊಂದಿಕೊಂಡು ಹೋಗ್ತಿದ್ದಾರೆ. ನಾನೂ ಸ್ವಲ್ಪ ನಯವಾಗಿದ್ದೀನಿ" ಎಂದೆ. "ನೀವಾ?" ಎಂದು ಅವಳು ಎರಡು ಸಲ ಕೇಳಿದಳು. ಹೊಟ್ಟೆಕಿಚ್ಚು ಇರಬಹುದು.

ಜೂನ್ 11, ಮಂಗಳವಾರ

ಇವತ್ತಿನ ಪತ್ರಿಕೆಯಲ್ಲಿ ಒಂದೂ ಕೆಂಪು ಸುತ್ತು ಇಲ್ಲ. ಪತ್ರಿಕೆಯವರು ಸುಧಾರಿಸಿರಬೇಕು.

ಜೂನ್ 12, ಬುಧವಾರ

ಸರಕು ಎಣಿಸುವ ದಿನ. ಕಂಪ್ಯೂಟರಿನಲ್ಲಿ ಇರುವುದೂ ಗೂಡಿನಲ್ಲಿ ಇರುವುದೂ ತಾಳೆಯಾಗಬೇಕು. ಎಲ್ಲ ಆಯಿತು, ಎರಡು ಪೆಟ್ಟಿಗೆ ಬಿಟ್ಟು. ಬಿಪಿ ಮಾತ್ರೆ ಎರಡು ಸ್ಟ್ರಿಪ್ ಜಾಸ್ತಿ ಇದೆ, ನರನೋವಿನದು ಎರಡು ಸ್ಟ್ರಿಪ್ ಕಡಿಮೆ. ಮೂರು ಸಲ ಎಣಿಸಿದೆ. ನಾಲ್ಕನೇ ಸಲ ಎಣಿಸುವ ಮುಂಚೆಯೇ ಅರ್ಥವಾಯಿತು. ಬಿಪಿಯದು ಎಂದು ಬರೆಸಿಕೊಂಡು ಯಾರೋ ನರನೋವಿನ ಮಾತ್ರೆ ಒಯ್ದಿದ್ದಾರೆ. ಬೆಳಿಗ್ಗೆ ಎದ್ದು ಅದನ್ನೇ ನುಂಗುತ್ತಿದ್ದಾರೆ.

ಅದು ಮಲಗುವ ಮುಂಚೆ ತೆಗೆದುಕೊಳ್ಳುವ ಮಾತ್ರೆ. ಬೆಳಿಗ್ಗೆ ತೆಗೆದುಕೊಂಡರೆ ಹಗಲೆಲ್ಲ ತೂಕಡಿಕೆ, ಬಾಯಿ ಒಣಗುವುದು, ಎದ್ದು ನಿಂತರೆ ತಲೆ ಸುತ್ತು, ವಯಸ್ಸಾದವರಿಗೆ ಮಂಕು. ಬೀಳುತ್ತಾರೆ. ಇತ್ತ ಬಿಪಿ ಹೇಳುವವರು ಕೇಳುವವರಿಲ್ಲದೆ ಏರುತ್ತಿರುತ್ತದೆ. ಯಾರಾದರೂ ಸಾಯಬಹುದು.

ಬಿಲ್ಲು ಹಾಕುವ ಅಕ್ಕನನ್ನು ಕೇಳಿದೆ. "ನಾನು ಬಿಲ್ ಹಾಕ್ತೀನಿ ಅಷ್ಟೇ ಅಣ್ಣ, ಮಾತ್ರೆ ಮುಟ್ಟೋದು ನೀವೊಬ್ರೇ" ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಹುಡುಕಿ. ಸಿಗೋವರೆಗೂ ಮಧ್ಯಾಹ್ನ ಹೊತ್ತು ಕೌಂಟರ್ ನಾನು ನೋಡ್ಕೋತೀನಿ. ಸಿಕ್ಕ ಮೇಲೆ ಪುಸ್ತಕ ಇದೆಯಲ್ಲ" ಎಂದರು. ಇಬ್ಬರೂ ಪ್ರಿಂಟರಿನ ಅಡಿ ನೋಡಿದೆವು.

ಹೊಸ ಸರಕು ಬಂದ ಮೇಲೆ ಆ ಬಿಪಿ ಮಾತ್ರೆ ಒಯ್ದ ಗಿರಾಕಿಗಳ ಪಟ್ಟಿ ತೆಗೆಸಿದೆ. ಒಂಬತ್ತು ಮನೆ.

ಜೂನ್ 13, ಗುರುವಾರ

ಫೋನಿನಲ್ಲಿ ಕೇಳಿದರೆ ಎಲ್ಲರೂ ಸರಿಯಾಗಿದೆ ಎನ್ನುತ್ತಾರೆ. ಸ್ಟ್ರಿಪ್ಪನ್ನು ಕಣ್ಣಾರೆ ನೋಡಬೇಕು. ಹಾಗಾಗಿ ಮನೆಮನೆಗೆ ಹೊರಟೆ.

ಮೊದಲನೆಯವರು ದರ್ಜಿ. ಬಾಯಿ ತುಂಬ ಗುಂಡುಸೂಜಿ. ಹಗಲು ನಿದ್ದೆ ಬರುತ್ತಾ ಎಂದರೆ ತಲೆ ಅಡ್ಡ ಆಡಿಸಿದರು. ಬಾಯಿ ಒಣಗುತ್ತಾ ಎಂದರೆ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, "ಇಲ್ಲ" ಎಂದು ಮತ್ತೆ ಒಂದೊಂದಾಗಿ ಬಾಯಿಗೆ ಇಟ್ಟುಕೊಂಡರು. ಮಾತ್ರೆ ಸರಿಯಾಗಿತ್ತು.

ಎರಡನೆಯದು ಅಕ್ಕತಂಗಿಯರ ಮನೆ. ಇಬ್ಬರಿಗೂ ಬಿಪಿ, ಇಬ್ಬರ ಮಾತ್ರೆಯೂ ಒಂದೇ ಡಬ್ಬಿಯಲ್ಲಿ, ಯಾರು ಮೊದಲು ಎದ್ದರೆ ಅವರು ಮೊದಲು. ಬೇರೆ ಬೇರೆ ಇಡಿ ಎಂದದ್ದಕ್ಕೆ ತಂಗಿ, "ಐವತ್ತು ವರ್ಷದಿಂದ ಯಾವುದೂ ಬೇರೆ ಇಟ್ಟಿಲ್ಲಪ್ಪ" ಎಂದರು. ಮಾತ್ರೆ ಸರಿಯಾಗಿತ್ತು. ಟೀ ಕುಡಿಸದೆ ಬಿಡಲಿಲ್ಲ.

ಮೂರನೆಯವರು ನಿವೃತ್ತ ಬ್ಯಾಂಕ್ ಕಾವಲುಗಾರರು. ಬಾಗಿಲ ಸಂದಿಯಿಂದಲೇ ಮಾತು. ಗುರುತಿನ ಚೀಟಿ ತೋರಿಸಿ ಎಂದರು. ಇಪ್ಪತ್ತೆರಡು ವರ್ಷದಿಂದ ನನ್ನ ಅಂಗಡಿಗೆ ಬರುತ್ತಿದ್ದಾರಂತೆ. "ನೀವು ತಲೆ ಎತ್ತಿದ್ದೇ ನೋಡಿಲ್ಲ, ನೆತ್ತಿ ತೋರಿಸಿ ಬೇಕಾದ್ರೆ ಗುರುತು ಹಿಡೀತೀನಿ" ಎಂದರು. ಬಗ್ಗಿ ತೋರಿಸಿದೆ. ಬಾಗಿಲು ತೆಗೆದರು.

ಮನೆಗೆ ಬಂದಾಗ ಅತ್ತೆ ನೀರಿನ ಬಾಟಲಿ ಪಕ್ಕದಲ್ಲೇ ಇಟ್ಟುಕೊಂಡು ಕುಳಿತಿದ್ದರು. ಸೆಖೆ ಜಾಸ್ತಿ.

ಜೂನ್ 15, ಶನಿವಾರ

ಇಲ್ಲಿಯವರೆಗೆ ಏಳು ಮನೆ ಆಯಿತು. ಆರನೆಯದು ಬೇಕರಿಯವರದು. ಅವರು ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ, "ನಮಗೆ ಹಗಲು ನಿದ್ದೆ ಬಂದ್ರೆ ಊರಿಗೇ ಗೊತ್ತಾಗುತ್ತೆ, ಬ್ರೆಡ್ಡು ಕಪ್ಪಗಿರುತ್ತೆ" ಎಂದರು. ಅವರ ಮಗಳಿಗೆ ಈ ವರ್ಷ ಕಾಲೇಜು ಸಿಕ್ಕಿಲ್ಲವಂತೆ. ಏಳನೆಯ ಮನೆಯ ಅಜ್ಜಿ ಸ್ಟ್ರಿಪ್ ತೋರಿಸುವ ಮುಂಚೆ ಮೊಮ್ಮಕ್ಕಳ ಫೋಟೊ ತೋರಿಸಿದರು, ಹನ್ನೆರಡು ಇದ್ದವು. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಮಾತ್ರೆ ಎಲ್ಲರದೂ ಸರಿಯಾಗಿದೆ.

ಸರಿಯಾಗಿದೆ ಎಂದಷ್ಟೂ ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ಮತ್ತೆ ಮತ್ತೆ ಓದುತ್ತೇನೆ. ಎಲ್ಲರೂ ಸರಿ ಇದ್ದರೆ ತಪ್ಪು ಇರುವುದು ಉಳಿದವರ ಮನೆಯಲ್ಲಿ. ಎಂಟನೆಯವರ ಮನೆಗೆ ಬೀಗ, ಸೋಮವಾರ ಬರುತ್ತಾರಂತೆ. ಒಂಬತ್ತನೆಯವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಅವರೂ ಸೋಮವಾರವೇ ಸಿಗುವುದು. ಹಗಲು ತೂಕಡಿಕೆ ತರುವ ಮಾತ್ರೆ, ಡ್ರೈವಿಂಗ್ ಮೇಷ್ಟ್ರು.

ಮನೆಯಲ್ಲಿ ಇವತ್ತೂ ಅತ್ತೆ ಏನೂ ಅನ್ನಲಿಲ್ಲ. ಒಂಬತ್ತು ದಿನವಾಯಿತು, ಒಂದು ಕುಹಕವಿಲ್ಲ. ಮೊದಮೊದಲು ಹಾಯಾಗಿತ್ತು. ಈಗ ತಟ್ಟೆ ಇಟ್ಟು ಕಾಯುತ್ತೇನೆ, ಏನೂ ಬರುವುದಿಲ್ಲ. ಇವತ್ತು ಪರೀಕ್ಷೆಗೆಂದು ತರಕಾರಿಗೆ ಉಪ್ಪೇ ಹಾಕಲಿಲ್ಲ. ಸುಮ್ಮನೆ ತಿಂದರು. ನನಗೆ ನುಂಗಲಾಗಲಿಲ್ಲ, ಎದ್ದು ಹೋಗಿ ಹಾಕಿಕೊಂಡೆ.

ಜೂನ್ 16, ಭಾನುವಾರ

ಅತ್ತೆ ಬೆಳಿಗ್ಗೆ ಬಚ್ಚಲಲ್ಲಿ ಜಾರಿದರು. ನಲ್ಲಿ ಹಿಡಿದುಕೊಂಡದ್ದರಿಂದ ಪೂರ್ತಿ ಬೀಳಲಿಲ್ಲ. ಮೊಣಕೈ ತರಚಿ ನೀಲಿಗಟ್ಟಿದೆ. ನೆಲ ಒದ್ದೆಯಿತ್ತು ಎಂದರು. ನಾನು ನೋಡಿದಾಗ ಒದ್ದೆಯಿರಲಿಲ್ಲ. ಮುಲಾಮು ಹಚ್ಚಿದೆ. ಹಚ್ಚುವ ಮುಂಚೆ ಟ್ಯೂಬಿನ ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಎರಡೆರಡು ಸಲ ಓದಿದೆ. ಈಗೀಗ ಎಲ್ಲವನ್ನೂ ಎರಡು ಸಲ ಓದುತ್ತೇನೆ.

ಜೂನ್ 17, ಸೋಮವಾರ

ಎಂಟನೆಯವರದು ಸರಿಯಾಗಿತ್ತು. ಮಧ್ಯಾಹ್ನ ಎರಡೂವರೆಗೆ ಡ್ರೈವಿಂಗ್ ಮೇಷ್ಟ್ರ ಮನೆಗೆ ಹೋದೆ. ಮೂರನೇ ಮಹಡಿ. ಮೇಷ್ಟ್ರೇ ಬಾಗಿಲು ತೆಗೆದರು. ಅಂಗಡಿಯಿಂದ ಒಂದು ಮಾತ್ರೆ ತಪ್ಪಿ ಹೋಗಿದೆ ಎಂದು ಹೇಳಿ, ನಾನು ಎಂಟು ಕಡೆ ಕೇಳಿದ್ದನ್ನೇ ಒಪ್ಪಿಸಿದೆ: ಹಗಲು ತೂಕಡಿಕೆ ಇದೆಯಾ, ಬಾಯಿ ಒಣಗಿ ಪದೇಪದೇ ನೀರು ಬೇಕೆನಿಸುತ್ತಾ, ಎದ್ದರೆ ತಲೆ ಸುತ್ತುತ್ತಾ, ಗೋಡೆ ಹಿಡಿದು ನಡೆಯುತ್ತೀರಾ, ಮಾತು ಕಡಿಮೆಯಾಗಿದೆಯಾ.

"ಹಗಲು ತೂಕಡಿಸಿದ್ರೆ ಇಷ್ಟು ಹೊತ್ತಿಗೆ ಯಾವ್ದಾದ್ರೂ ಕಂಬದ ಜೊತೆ ಇರ್ತಿದ್ದೆ ಸಾರ್" ಎಂದು ನಕ್ಕು, ಸ್ಟ್ರಿಪ್ ತಂದು ಕೊಟ್ಟರು. ಬಿಪಿಯದೇ. ಎರಡು ಸಲ ಓದಿದೆ. ಎಂಟು ಉಳಿದಿದ್ದವು, ಎಂಟೂ ಬಿಳಿ.

ನಾನು ಹೊರಡುವಾಗ ಅವರು ದನಿ ತಗ್ಗಿಸಿ, "ಆ ತಪ್ಪಿಹೋಗಿರೋ ಮಾತ್ರೆ ಸಿಕ್ಕಿದ್ರೆ ನಮ್ಮತ್ತೆಗೆ ಕೊಡಿ ಸಾರ್. ಹಗಲೆಲ್ಲ ಮಲಗಿ, ಬಾಯಿ ಒಣಗಿ, ಮಾತೇ ಆಡ್ದೆ ಗೋಡೆ ಹಿಡ್ಕೊಂಡು ಓಡಾಡ್ತಿದ್ರೆ ನಮ್ಮ ಮನೆ ಸ್ವರ್ಗ" ಎಂದರು.

ನಾನೂ ನಕ್ಕೆ. ಒಂದು ಮಹಡಿ ಇಳಿದೆ. ಎರಡನೇ ಮಹಡಿಯ ತಿರುವಿನಲ್ಲಿ ಕಾಲು ನಿಂತುಹೋಯಿತು. ಅಲ್ಲಿ ಯಾರದೋ ಮಗುವಿನ ಸೈಕಲ್ ಇತ್ತು, ಅದರ ಹ್ಯಾಂಡಲ್ ಹಿಡಿದುಕೊಂಡು ನಿಂತೆ. ಆಮೇಲೆ ಮನೆಗೆ ಓಡಿದೆ. ಐವತ್ತೊಂದನೇ ವಯಸ್ಸಿನಲ್ಲಿ ಓಡಿದೆ ಎಂದರೆ ಎಷ್ಟು ಓಡಿದೆನೋ ಅಷ್ಟು.

ಅತ್ತೆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದರು. ಪತ್ರಿಕೆ ಜಾರಿ ಕಾಲ ಮೇಲೆ ಬಿದ್ದಿತ್ತು. ಪೆನ್ನಿನ ಮುಚ್ಚಳ ಕೂಡ ತೆಗೆದಿರಲಿಲ್ಲ. ಅವರ ಮಾತ್ರೆ ಡಬ್ಬಿ ತೆಗೆದೆ. ನೀಲಿ, ಬಿಳಿ ಪಟ್ಟಿ. ನರನೋವಿನದು. ಎಂಟು ಉಳಿದಿವೆ. ಹನ್ನೆರಡು ಹೋಗಿವೆ. ಹನ್ನೆರಡು ಬೆಳಿಗ್ಗೆ ನನ್ನ ಕಣ್ಣೆದುರೇ ನುಂಗಿದ್ದಾರೆ, ನೀರಿನ ಲೋಟ ಕೊಟ್ಟವನೂ ನಾನೇ.

ಬಿಪಿ ನೋಡಿದೆ. ನೂರ ಎಪ್ಪತ್ತೆರಡು, ನೂರು. ತುಂಬ ಹೆದರಿಕೆಯಾಯಿತು. ಅವರನ್ನು ನಾನು ಕೊಂದುಬಿಡುತ್ತಿದ್ದೆ. ಒಂದು ದಿನ ನಲ್ಲಿ ಕೈಗೆ ಸಿಗದಿದ್ದರೆ ಅಷ್ಟೇ.

ಡಾಕ್ಟರಿಗೆ ಫೋನ್ ಮಾಡಿದೆ. ಆ ಮಾತ್ರೆ ನಿಲ್ಲಿಸಿ, ಬೆಳಿಗ್ಗೆ ಹಳೆಯದನ್ನೇ ಕೊಟ್ಟು ಹತ್ತು ಗಂಟೆಗೆ ಕರೆದುಕೊಂಡು ಬನ್ನಿ, ರಾತ್ರಿ ಒಬ್ಬರೇ ಏಳದಂತೆ ನೋಡಿಕೊಳ್ಳಿ, ತಲೆನೋವು ಎದೆನೋವು ಅಂದರೆ ತಕ್ಷಣ ಆಸ್ಪತ್ರೆಗೆ ಎಂದರು. "ಹೇಗಾಯ್ತು?" ಎಂದು ಕೇಳಿದರು. "ಮನೇಲಿ ಏನೋ ಅದಲುಬದಲಾಗಿದೆ ಡಾಕ್ಟ್ರೇ" ಎಂದೆ. ಅಂಗಡಿಗೆ ಹೋಗಿ ಎರಡು ಸ್ಟ್ರಿಪ್ ಬಿಪಿ ಮಾತ್ರೆ ತಂದೆ. ಯಜಮಾನರು, "ಸಿಕ್ಕಿದ್ರಾ?" ಎಂದರು. "ಸಿಕ್ಕಿದ್ರು. ಪರಿಚಯದವರೇ. ಜೀವಕ್ಕೇನೂ ತೊಂದರೆ ಇಲ್ಲ" ಎಂದೆ. ಅವರು ಮುಂದೆ ಕೇಳಲಿಲ್ಲ. ಪ್ರಿಂಟರಿನ ಕಡೆ ನಾನು ನೋಡಲಿಲ್ಲ.

ಡಬ್ಬಿಯಲ್ಲಿ ಸ್ಟ್ರಿಪ್ ಬದಲಾಯಿಸಿ ಇಟ್ಟಿದ್ದೇನೆ. ಬಿಪಿಯದು ಈಗ ತಾಳೆಯಾಗುತ್ತದೆ, ನರನೋವಿನದಕ್ಕೆ ನಾನೇ ದುಡ್ಡು ಹಾಕಿದರಾಯಿತು. ನನಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಈ ಡೈರಿಯ ಹಿಂದಿನ ಪುಟಗಳನ್ನು ತಿರುವಿದೆ. ಜೂನ್ ಆರನೇ ತಾರೀಖು ಎಲ್ಲ ಬರೆದಿದ್ದೇನೆ, ಹಳದಿ ಎಂದದ್ದು, ಬಿಳಿ ಎಂದದ್ದು, ಹೆಸರು ಬೇರೆ ಎಂದದ್ದು. ಷೂ ಹಾಕಿಕೊಳ್ಳುತ್ತಿದ್ದೆ ಎನ್ನುವುದನ್ನೂ ಬರೆದಿದ್ದೇನೆ. ಹನ್ನೊಂದನೇ ತಾರೀಖು ಪತ್ರಿಕೆಯವರು ಸುಧಾರಿಸಿರಬೇಕು ಎಂದು ಬರೆದಿದ್ದೇನೆ. ನಾಚಿಕೆಯಾಗುತ್ತದೆ.

ಜೂನ್ 18, ಮಂಗಳವಾರ

ಬೆಳಿಗ್ಗೆ ಅತ್ತೆ ಮಾತ್ರೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಕಣ್ಣು ಇನ್ನೂ ಮಂಕಾಗಿಯೇ ಇತ್ತು. "ಮತ್ತೆ ಬಿಳಿ ಬಂತಲ್ಲ. ಮತ್ತೆ ಕಂಪನಿ ಬದಲಾಯ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಅವರು ನುಂಗಲು ತಯಾರಾಗಿಯೇ ಇದ್ದರು. ಲೋಟ ಇನ್ನೊಂದು ಕೈಯಲ್ಲಿತ್ತು. ನಾನು ಬಾಯಿ ಕೂಡ ತೆರೆದೆ. ಇಪ್ಪತ್ತೆರಡು ವರ್ಷದ ಅಭ್ಯಾಸ, ಆ ಮಾತು ತಾನಾಗಿ ನಾಲಿಗೆಯ ತುದಿಗೆ ಬಂತು.

"ಇಲ್ಲ ಅತ್ತೆ. ಹಳದಿ ಮಾತ್ರೆ ನಿಮ್ಮದಲ್ಲ. ನಾನು ತಪ್ಪು ತಂದು ಕೊಟ್ಟಿದ್ದೆ. ಹನ್ನೆರಡು ದಿನ ನೀವು ನರನೋವಿನ ಮಾತ್ರೆ ತಗೊಂಡಿದ್ದೀರಿ. ನಿದ್ದೆ, ತಲೆಸುತ್ತು, ಮೊನ್ನೆ ಜಾರಿದ್ದು, ಎಲ್ಲ ಅದರಿಂದಲೇ. ಇದು ಸರಿಯಾದದ್ದು. ಹತ್ತು ಗಂಟೆಗೆ ಡಾಕ್ಟ್ರ ಹತ್ರ ಹೋಗಬೇಕು."

ಅವರು ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಕೇಳಿದ್ದೆನಲ್ಲ" ಎಂದರು.

"ಕೇಳಿದ್ರಿ."

"ಯಾಕೆ ಸುಮ್ಮನಾದೆ ಗೊತ್ತಾ? ನೀವು ತಲೆ ಎತ್ತಲೇ ಇಲ್ಲ. ನೋಡದೆಯೇ ಹೇಳ್ತಾರೆ ಅಂದ್ರೆ ಎಷ್ಟು ಚೆನ್ನಾಗಿ ಗೊತ್ತಿರಬೇಕು ಅಂದ್ಕೊಂಡೆ. ಮೂವತ್ತಾರು ವರ್ಷ ಲೆಕ್ಕ ಹೇಳಿಕೊಟ್ಟೆ, ಹಲಗೆ ನೋಡದೆ ಉತ್ತರ ಹೇಳೋಷ್ಟು ನನಗೆ ಬರ್ಲಿಲ್ಲ. ಇವರಿಗೆ ಬರುತ್ತೆ ಅಂತ..." ಆಮೇಲೆ, "ನನಗೆ ಮರೆವಿನ ಕಾಯಿಲೆ ಶುರುವಾಯ್ತು ಅಂದ್ಕೊಂಡಿದ್ದೆ. ಮೊನ್ನೆ ಹದಿನೇಳರ ಮಗ್ಗಿ ಹದಿನೇಳಾರಕ್ಕೆ ನಿಂತುಹೋಯ್ತು. ಯಾರಿಗೂ ಹೇಳಿರ್ಲಿಲ್ಲ" ಎಂದರು.

ನನಗೆ ಅಳು ಬಂತು. ಅತ್ತುಬಿಟ್ಟೆ. ಬರೆಯಲು ಏನೂ ಸಂಕೋಚವಿಲ್ಲ, ಇಲ್ಲಿ ಓದುವವರು ಹೊಟ್ಟೆಯುರಿಯ ಮಾತ್ರೆಯವರು ಮಾತ್ರ. ನಾನು ಮೂಗು ಒರೆಸಿಕೊಳ್ಳುವವರೆಗೂ ಅವರು ಮಾತ್ರೆ ಹಿಡಿದುಕೊಂಡೇ ಇದ್ದರು. ಆಮೇಲೆ ಸ್ಟ್ರಿಪ್ ಕೇಳಿ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು ಹೆಸರು ಓದಿ, ನುಂಗಿದರು.

ಡಾಕ್ಟರು ಎಲ್ಲ ನೋಡಿ, ಪುಣ್ಯ, ಮೂಳೆ ಮುರಿದಿಲ್ಲ, ಹತ್ತು ದಿನದಲ್ಲಿ ಸರಿಹೋಗುತ್ತದೆ ಎಂದರು. ಯಾರು ಕೊಟ್ಟದ್ದು ಎಂದು ಈ ಸಲ ಅವರು ಕೇಳುವ ಮುಂಚೆಯೇ ಹೇಳಿದೆ. ಸಂಜೆ ಹೆಂಡತಿಗೂ ಹೇಳಿದೆ. ಅವಳು, "ಅಮ್ಮನಿಗೆ ಫೋನ್ ಕೊಡಿ" ಎಂದಳು. ಕೊಟ್ಟು ಅಡುಗೆಮನೆಗೆ ಹೋದೆ. ಅತ್ತೆ ಏನು ಹೇಳಿದರೋ, ನನಗೆ ಕೇಳಿಸಿದ್ದು ಕೊನೆಯ ಒಂದು ಮಾತು: "ನೀನು ಬರೋದೇನೂ ಬೇಡ, ಅವರು ಅತ್ತಾಯ್ತು."

ಜೂನ್ 22, ಶನಿವಾರ

ಪ್ರಿಂಟರ್ ಎತ್ತಿ ತಪ್ಪಿನ ಪುಸ್ತಕ ಹೊರಗೆ ತೆಗೆದೆ. ಯಜಮಾನರಿಗೆ ಬುಧವಾರವೇ ಎಲ್ಲ ಹೇಳಿಯಾಗಿತ್ತು. ಅವರು, "ಅಂತೂ ಪರಿಚಯದವರೇ ಅಂದ್ರಿ" ಎಂದಷ್ಟೇ ಹೇಳಿದ್ದರು. ಹನ್ನೊಂದು ಪುಟ ಮುಗಿದು ಹನ್ನೆರಡನೆಯದರಲ್ಲಿ ಮೂರು ಸಾಲು ಬರೆದೆ. ಒಂದೇ ಬಗೆಯ ಪೆಟ್ಟಿಗೆ, ಅಕ್ಕಪಕ್ಕ ಇಟ್ಟದ್ದು, ಶಟರ್ ಎಳೆದ ಮೇಲೆ ಅರ್ಧ ಬೆಳಕಿನಲ್ಲಿ ತೆಗೆದದ್ದು. ಸಹಿ ಹಾಕಿದೆ.

ಹನ್ನೊಂದು ಗಂಟೆಗೆ ಅತ್ತೆ ಆಟೊದಲ್ಲಿ ಬಂದಿಳಿದರು. ನಮ್ಮ ಅಂಗಡಿಗೆ ಅವರು ಬಂದದ್ದು ಇದೇ ಮೊದಲು. ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತು, "ಆ ಪುಸ್ತಕ ಕೊಡಿ" ಎಂದರು. ಬಿಲ್ಲಿನ ಅಕ್ಕ ನನ್ನ ಮುಖ ನೋಡಿ ಕೊಟ್ಟುಬಿಟ್ಟರು. ಹನ್ನೊಂದು ಪುಟವನ್ನೂ ಓದಿದರು. ಐದು ಜನ ಗಿರಾಕಿಗಳು ಬಂದು ಹೋದರು, ಐವರೂ ಅವರನ್ನು ಇನ್‌ಸ್ಪೆಕ್ಟರ್ ಎಂದುಕೊಂಡರು. ಆಮೇಲೆ ನನ್ನ ಮೂರು ಸಾಲಿಗೆ ಬಂದರು.

"ಇಷ್ಟೇನಾ?"

"ನಡೆದದ್ದೆಲ್ಲ ಇದೆಯಲ್ಲ ಅತ್ತೆ."

"ಪೆಟ್ಟಿಗೆ ಇದೆ, ಬೆಳಕು ಇದೆ, ಶಟರ್ ಇದೆ. ನಾನು ಕೇಳಿದ್ದು ಎಲ್ಲಿದೆ?"

ಅವರು ಕೈಚೀಲದಿಂದ ಕೆಂಪು ಪೆನ್ನು ತೆಗೆದು ನನ್ನ ಮುಂದೆ ಇಟ್ಟರು. ಸಹಿಯ ಕೆಳಗೆ ನಾಲ್ಕನೆಯ ಸಾಲು ಬರೆದೆ: ಬಣ್ಣವೂ ಹೆಸರೂ ಬೇರೆ ಇದೆ ಎಂದು ಅವರು ಮೊದಲನೇ ದಿನವೇ ಕೇಳಿದ್ದರು, ನಾನು ನೋಡದೆ ಉತ್ತರ ಕೊಟ್ಟೆ. ಮತ್ತೊಮ್ಮೆ ಸಹಿ ಹಾಕಿದೆ. ಅವರು ಓದಿ, ಪೆನ್ನು ವಾಪಸ್ ತೆಗೆದುಕೊಂಡು, ಎರಡು ನೀಲಿ ಪೆಟ್ಟಿಗೆಗಳನ್ನೂ ತರಿಸಿ ನೋಡಿ, "ಇದನ್ನ ಮೇಲಿನ ಗೂಡಿಗೆ ಇಡಿ, ಇದನ್ನ ಆ ಮೂಲೆಗೆ" ಎಂದರು. ಯಜಮಾನರೇ ಎದ್ದು ಇಟ್ಟರು.

ಪುಸ್ತಕ ಈಗ ಕೌಂಟರಿನ ಮೇಲೆ ಇದೆ. ಪ್ರಿಂಟರ್ ಅಲ್ಲಾಡುತ್ತಿದೆ.

ಜೂನ್ 28, ಶುಕ್ರವಾರ

ಇವತ್ತು ಬ್ಯಾಂಕ್ ಕಾವಲುಗಾರರು ಹೊಸ ಸ್ಟ್ರಿಪ್ ಹಿಡಿದು, ಬಣ್ಣ ಬೇರೆ ಇದೆಯಲ್ಲ ಎಂದರು. ಕೊಡಿ ಎಂದು ಕೈ ಚಾಚಿ, ಹಿಂದೆ ಮುಂದೆ ಓದಿ, ಹಳೆಯದನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಕಂಪನಿ ಬೇರೆ, ಔಷಧಿ ಅದೇ ಎಂದೆ. "ಇಷ್ಟಕ್ಕೆ ಕಾಲು ಗಂಟೆನಾ? ಮುಂಚೆ ತಕ್ಷಣ ಹೇಳ್ತಿದ್ರಲ್ಲ" ಎಂದು ಗೊಣಗಿದರು. ಅವರ ಎಡ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿದೆ. ಬೇಕರಿಯವರ ಮಗಳಿಗೆ ಕಾಲೇಜು ಸಿಕ್ಕಿತಂತೆ.

ಅತ್ತೆಯ ಬಿಪಿ ನೂರ ಮೂವತ್ತೆಂಟಕ್ಕೆ ಇಳಿದಿದೆ. ಪತ್ರಿಕೆಯಲ್ಲಿ ಏಳು ಕಡೆ ಕೆಂಪು ಸುತ್ತು. ಬೆಳಿಗ್ಗೆ ಹೊಸ ಸ್ಟ್ರಿಪ್ ಒಡೆಯುವ ದಿನವಾಗಿತ್ತು. ನಾನು ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು "ಹೌದಾ" ಎನ್ನಲಿಲ್ಲ. ಕೈ ಚಾಚಿದರು. ಭೂತಗನ್ನಡಿ ತಂದುಕೊಂಡು ಹೆಸರು, ತೂಕ, ತಾರೀಖು, ಕಂಪನಿಯ ವಿಳಾಸ ಎಲ್ಲ ಓದಿದರು. ವಿಳಾಸವನ್ನು ಯಾಕೆ ಓದಿದರೋ ಗೊತ್ತಿಲ್ಲ. ಹದಿನೆಂಟು ವರ್ಷದಲ್ಲಿ ಒಂದು ಸಲ ನನ್ನ ಮಾತು ನಂಬಿದ್ದರು. ಇನ್ನೊಂದು ಸಲ ನಂಬುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಅವರು ಓದಿ ಮುಗಿಸುವವರೆಗೂ ಒಂದು ಕಾಲಿಗೆ ಷೂ ಹಾಕಿಕೊಂಡು ನಿಂತಿದ್ದೆ. ಅಂಗಡಿಗೆ ತಡವಾಯಿತು.

ಸಂಜೆ ಹೆಂಡತಿ ಫೋನ್ ಮಾಡಿದಳು. "ಜಗಳ ಆಯ್ತಾ?"

"ಆಯ್ತು. ಉಪ್ಪಿಗೆ. ಅರ್ಧ ಗಂಟೆ."

"ಸದ್ಯ" ಎಂದಳು.